ಕಾಫಿ ನರ್ಸರಿಯಲ್ಲಿ ಸಸಿ ಹಳದಿಯಾದಾಗ: ಗೊಬ್ಬರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್-ಜನವರಿಯಲ್ಲಿ ಮಡಿಗೆ ಬಿತ್ತಿದ ಕಾಫಿ ಬೀಜ ಫೆಬ್ರವರಿ-ಮಾರ್ಚ್ ಹೊತ್ತಿಗೆ ಟೋಪಿ ಹಂತಕ್ಕೆ, ಅಂದರೆ ಮೊಳಕೆ ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ನಿಲ್ಲುವ ಹಂತಕ್ಕೆ ಬಂದು, ಮಣ್ಣು ತುಂಬಿದ ಪಾಲಿಥಿನ್ ಬ್ಯಾಗು ಸೇರುತ್ತದೆ. ಏಪ್ರಿಲ್ ಸೆಕೆಗೆ, ಒಂದೆರಡು ಮಳೆಗೆ ಸಸಿ ಸರಸರ ಮೇಲೇಳುತ್ತದೆ. ಎಲೆಯ ಬಣ್ಣ ಕೆಡಲು ಶುರುವಾಗುವುದೂ ಆಗಲೇ. ನಮ್ಮ ಕೊಡಗಿನಲ್ಲಿ ವಿರಾಜಪೇಟೆ ಕಡೆಯವರಿರಲಿ, ಸೋಮವಾರಪೇಟೆ ಕಡೆಯವರಿರಲಿ, ಎಲ್ಲರೂ ಮೊದಲು ಕೇಳುವುದು "ಏನು ಹಾಕಬೇಕು?" ಅಂತಲೇ. ನನ್ನ ಪ್ರಕಾರ ಅದು ಮೂರನೇ ಪ್ರಶ್ನೆ. ಯಾವ ಎಲೆ ಕೆಟ್ಟಿದೆ ಅನ್ನುವುದು ಮೊದಲನೆಯದು, ಬೇರು ಹೇಗಿದೆ ಅನ್ನುವುದು ಎರಡನೆಯದು. ಈ ಎರಡಕ್ಕೆ ಉತ್ತರ ಸಿಕ್ಕಿದರೆ ಗೊಬ್ಬರದ ಲೆಕ್ಕ ಸುಲಭ.

ಚೆನ್ನಾಗಿ ಬೆಳೆಯುತ್ತಿದ್ದ ಸಸಿಯೇ ಯಾಕೆ ಹಳದಿಯಾಗುತ್ತದೆ? ಪಕ್ಕದ ಕುಳ್ಳ ಸಸಿ ಹಸಿರಾಗಿಯೇ ಇದೆಯಲ್ಲ?

ಬೇಗ ಬೆಳೆಯುವ ಸಸಿಗೆ ಹಸಿವೂ ಬೇಗ. ಬ್ಯಾಗು ಅಂದರೆ ಕಟ್ಟಿಕೊಟ್ಟ ಬುತ್ತಿ ಇದ್ದ ಹಾಗೆ, ಅದರಲ್ಲಿ ಇದ್ದಷ್ಟೇ ಊಟ. ತೋಟದ ಗಿಡ ಬೇರು ಚಾಚಿ ಬೇರೆ ಕಡೆ ಹುಡುಕಿಕೊಳ್ಳಬಹುದು, ಬ್ಯಾಗಿನ ಸಸಿಗೆ ಆ ದಾರಿ ಇಲ್ಲ.

ನಮ್ಮಲ್ಲಿ ರೂಢಿಯಲ್ಲಿರುವ ಮಿಶ್ರಣ 6 ಪಾಲು ಜರಡಿ ಹಿಡಿದ ಕಾಡುಮಣ್ಣು, 2 ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 1 ಪಾಲು ಮರಳು. ಮೊದಲ ಕೆಲವು ಜೋಡಿ ಎಲೆಗೆ ಇದು ಸಾಕು. ಆಮೇಲೆ ಎರಡು ಕಡೆಯಿಂದ ಕೊರತೆ ಬರುತ್ತದೆ. ಸಸಿ ತಿಂದು ಮುಗಿಸುತ್ತದೆ, ದಿನಾ ಹಾಕುವ ನೀರು ಉಳಿದದ್ದನ್ನು ತೂತಿನಿಂದ ಹೊರಗೆ ಒಯ್ಯುತ್ತದೆ. ಸಾರಜನಕ ಹೀಗೆ ಬೇಗ ತೊಳೆದುಹೋಗುವ ವಸ್ತು. ನಾವು ಬೆಳೆಯುವ ಎರಡು ಜಾತಿಯ ಕಾಫಿಯಲ್ಲಿ ರೋಬಸ್ಟಾ ಎಲೆ ಅಗಲ, ಹಾಗಾಗಿ ಅದರ ಊಟವೂ ಜಾಸ್ತಿ. ಅರೇಬಿಕಾ ಪಾತಿ ಹಸಿರಾಗಿರುವಾಗ ರೋಬಸ್ಟಾ ಪಾತಿ ಮಂಕಾದರೆ ಗಾಬರಿ ಬೇಡ.

ಎಲೆ ನೋಡಿ ಏನು ಕೊರತೆ ಅಂತ ಹೇಳಲು ಎಲ್ಲಿಂದ ಶುರು ಮಾಡಬೇಕು?

ಸಸಿಯ ಮುಂದೆ ಕೂತು ಒಂದೇ ವಿಷಯ ನೋಡಿ. ಕೆಟ್ಟಿರುವುದು ಕೆಳಗಿನ ಹಳೆ ಎಲೆಯಾ, ತುದಿಯ ಹೊಸ ಎಲೆಯಾ?

ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಇವೆಲ್ಲ ಸಸಿಯೊಳಗೆ ಓಡಾಡುತ್ತವೆ. ಕೊರತೆ ಬಂದಾಗ ಸಸಿ ಹಳೆ ಎಲೆಯಿಂದ ಅವನ್ನು ತೆಗೆದು ತುದಿಯ ಚಿಗುರಿಗೆ ಕೊಡುತ್ತದೆ. ಅದಕ್ಕೇ ಮೊದಲು ಸೊರಗುವುದು ಕೆಳಗಿನ ಎಲೆ. ಕಬ್ಬಿಣ, ಬೋರಾನ್, ಕ್ಯಾಲ್ಸಿಯಂ ಹಾಗಲ್ಲ. ಒಮ್ಮೆ ಒಂದು ಎಲೆ ಸೇರಿದರೆ ಅಲ್ಲೇ ಕೂರುತ್ತವೆ. ಬೇರಿನಿಂದ ಹೊಸದಾಗಿ ಬರದಿದ್ದರೆ ಚಿಗುರಿಗೆ ಏನೂ ಸಿಗುವುದಿಲ್ಲ, ಹಾಗಾಗಿ ಕೊರತೆ ಕಾಣುವುದು ತುದಿಯಲ್ಲಿ. ಸತು ಮತ್ತು ಗಂಧಕದ ಕೊರತೆಯೂ ಹೆಚ್ಚಾಗಿ ಹೊಸ ಎಲೆಯಲ್ಲೇ ಕಾಣುತ್ತದೆ.

ಇದೊಂದು ತಿಳಿದಿದ್ದರೆ ಅರ್ಧ ದಾರಿ ಸಾಗಿದಂತೆ. ತುದಿಯೆಲೆ ಬಿಳಿಚಿಕೊಂಡ ಸಸಿಗೆ ವಾರವಾರ ಯೂರಿಯಾ ಸುರಿಯುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ನಿಜಕ್ಕೂ ಬೇಜಾರಾಗುತ್ತದೆ, ಯಾಕೆಂದರೆ ಅಲ್ಲಿ ಕೊರತೆ ಇರುವುದು ಕಬ್ಬಿಣದ್ದೋ ಸತುವಿನದ್ದೋ. ಯೂರಿಯಾ ಹಾಕಿದಷ್ಟೂ ಬೆಳವಣಿಗೆ ಮುಂದೆ ಓಡಿ ಆ ಕೊರತೆ ಇನ್ನೂ ಹೆಚ್ಚುತ್ತದೆ.

ತೀರಾ ಕೆಳಗಿನ ದುಂಡನೆಯ ಜೋಡಿ ಎಲೆ ಹಳದಿಯಾಗಿ ಉದುರುತ್ತಿದೆ. ಇದು ಕೊರತೆಯಾ?

ಅಲ್ಲ. ಅದು ಬೀಜದಿಂದಲೇ ಬಂದ ಎಲೆ. ತನ್ನ ಕೆಲಸ ಮುಗಿಸಿ ಉದುರುತ್ತದೆ. ಅದರ ಮೇಲಿನ ನಿಜವಾದ ಎಲೆಗಳು ಹಸಿರಾಗಿದ್ದರೆ ಏನೂ ಮಾಡಬೇಡಿ.

ಹಳೆ ಎಲೆಯೇ ಕೆಟ್ಟಿದೆ. ಯಾವ ಕೊರತೆ ಅಂತ ಹೇಗೆ ಗುರುತಿಸುವುದು?

ಇಡೀ ಎಲೆ ಒಂದೇ ಸಮನೆ ತಿಳಿ ಹಳದಿಯಾಗಿ, ನರವೂ ಮಾಸಿದ್ದರೆ ಸಾರಜನಕ. ನರ್ಸರಿಯಲ್ಲಿ ಹೆಚ್ಚು ಕಾಣುವುದು ಇದೇ. ಹೊಸ ಎಲೆಯೂ ಚಿಕ್ಕದಾಗುತ್ತಾ ಬರುತ್ತದೆ.

ನರ ಮತ್ತು ಅದರ ಅಕ್ಕಪಕ್ಕ ಹಸಿರಾಗಿ, ನಡುವಿನ ಜಾಗ ಮಾತ್ರ ಹಳದಿಯಾದರೆ ಮೆಗ್ನೀಷಿಯಂ. ಸಾರಜನಕ, ರಂಜಕ, ಪೊಟ್ಯಾಷ್ ಬೆರೆತ ಕಾಂಪ್ಲೆಕ್ಸ್ ಗೊಬ್ಬರವನ್ನೇ ನಂಬಿಕೊಂಡ ನರ್ಸರಿಗಳಲ್ಲಿ ಇದು ಕಾಣಿಸುತ್ತದೆ. ಪೊಟ್ಯಾಷ್ ಅತಿಯಾದರೆ ಬೇರು ಮೆಗ್ನೀಷಿಯಂ ಎಳೆದುಕೊಳ್ಳುವುದಕ್ಕೆ ಅಡ್ಡಿಯಾಗುತ್ತದೆ. ನಮ್ಮ ಹುಳಿಮಣ್ಣು, ಜೋರು ಮಳೆ ಎರಡೂ ಮೆಗ್ನೀಷಿಯಂ ಕಳೆಯುವಂಥವೇ.

ಎಲೆಯ ಅಂಚು ಮತ್ತು ತುದಿ ಸುಟ್ಟಂತೆ ಕಂದಾಗಿ, ಒಳಭಾಗ ಹಸಿರಾಗಿದ್ದರೆ ಪೊಟ್ಯಾಷ್ ಕೊರತೆ ಇರಬಹುದು. ಆದರೆ ಗೊಬ್ಬರ ಜಾಸ್ತಿಯಾಗಿ ಬೇರು ಸುಟ್ಟರೂ ಅಂಚು ಹೀಗೇ ಕಾಣುತ್ತದೆ. ಬ್ಯಾಗಿನ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದೆಯಾ ಅಂತ ನೋಡಿ. ಕಟ್ಟಿದ್ದರೆ ತೊಂದರೆ ಕೊರತೆಯದ್ದಲ್ಲ, ಅತಿಯಾದದ್ದರದ್ದು.

ರಂಜಕದ ಕೊರತೆಯಲ್ಲಿ ಎಲೆ ಮಂಕು ಹಸಿರಾಗಿ, ಆಮೇಲೆ ಕೆಂಪು-ಕಂಚಿನ ಬಣ್ಣಕ್ಕೆ ತಿರುಗುತ್ತದೆ, ಬೆಳವಣಿಗೆ ನಿಲ್ಲುತ್ತದೆ. ಮೋಡ, ಚಳಿ, ನೀರು ನಿಂತ ಮಣ್ಣು ಇದ್ದಾಗ ಬೇರು ರಂಜಕ ಎತ್ತಿಕೊಳ್ಳಲಾರದೆ ಹೀಗಾಗುವುದುಂಟು. ಬಿಸಿಲು ಬಂದ ಮೇಲೆ ತಾನೇ ಸರಿಹೋಗುತ್ತದೆಯಾ ಅಂತ ಕಾದು ನೋಡುವುದು ಒಳ್ಳೆಯದು. ಇನ್ನೊಂದು ಮಾತು: ಕೆಲವು ತಳಿಗಳ ಎಳೆ ಚಿಗುರು ಹುಟ್ಟಿನಿಂದಲೇ ತಾಮ್ರದ ಬಣ್ಣ ಇರುತ್ತದೆ. ಅದು ರೋಗವೂ ಅಲ್ಲ, ಕೊರತೆಯೂ ಅಲ್ಲ.

ತುದಿಯ ಎಲೆ ಕೆಟ್ಟಿದ್ದರೆ?

ಎಳೆ ಎಲೆ ಬೆಳ್ಳಗಾಗಿ, ಅದರ ಮೇಲೆ ಹಸಿರು ನರಗಳ ಬಲೆ ಎದ್ದು ಕಂಡರೆ ಕಬ್ಬಿಣದ ಕೊರತೆ. ಕೊಡಗಿನ ಮಣ್ಣಿನಲ್ಲಿ ಕಬ್ಬಿಣಕ್ಕೆ ಬರವಿಲ್ಲ. ಹಾಗಾದರೆ ಬ್ಯಾಗಿನಲ್ಲಿ ಯಾಕೆ ಸಿಗುತ್ತಿಲ್ಲ? ಮಿಶ್ರಣಕ್ಕೆ ಸುಣ್ಣವೋ ಒಲೆ ಬೂದಿಯೋ ಜಾಸ್ತಿ ಬಿದ್ದಿರುತ್ತದೆ, ಇಲ್ಲವೇ ನೀರು ನಿಂತು ಬೇರು ಉಸಿರುಕಟ್ಟಿರುತ್ತದೆ. ಇಲ್ಲಿ ಕಬ್ಬಿಣ ಹೊಡೆಯುವುದಕ್ಕಿಂತ ಆ ಕಾರಣವನ್ನು ಸರಿಮಾಡುವುದೇ ಮುಖ್ಯ.

ಎಲೆ ಸಣ್ಣದಾಗಿ, ಕಿರಿದಾಗಿ, ಪಟ್ಟಿಯ ಹಾಗೆ ಬಂದು, ಗೆಣ್ಣುಗಳ ಅಂತರ ಕಡಿಮೆಯಾಗಿ ತುದಿಯಲ್ಲಿ ಗುಂಪು ಕಟ್ಟಿದರೆ ಸತು. ಎಲ್ಲ ಹೊಸ ಎಲೆಯೂ ಸಮನಾಗಿ ತಿಳಿ ಹಸಿರಾದರೆ ಗಂಧಕ. ತುದಿಯ ಮೊಗ್ಗು ಕಪ್ಪಾಗಿ ಸತ್ತು, ಕೆಳಗಿನಿಂದ ಹಲವು ಚಿಗುರು ಒಟ್ಟಿಗೆ ಹೊರಟರೆ ಬೋರಾನ್ ಇರಬಹುದು. ಆದರೆ ಹುಳ ಕಡಿದರೂ ತುದಿ ಸಾಯುತ್ತದೆ, ಕಣ್ಣಿಟ್ಟು ನೋಡಿ.

ಬೇರು ನೋಡಬೇಕು ಅಂದಿರಿ. ಸಸಿ ಹಾಳಾಗುವುದಿಲ್ವಾ?

ಒಂದೆರಡು ಹಾಳಾಗಲಿ. ಸಾವಿರಾರು ಸಸಿ ಉಳಿಯಬೇಕಾದರೆ ಎರಡು ಬ್ಯಾಗು ಸೀಳಲು ಹಿಂಜರಿಯಬಾರದು. ಹಳದಿಯಾದದ್ದೊಂದು, ಚೆನ್ನಾಗಿರುವುದೊಂದು ಆರಿಸಿ. ಬ್ಲೇಡಿನಿಂದ ಬದಿ ಸೀಳಿ, ಮಣ್ಣನ್ನು ಬಕೆಟ್ ನೀರಿನಲ್ಲಿ ನಿಧಾನವಾಗಿ ತೊಳೆದು ಎರಡನ್ನೂ ಪಕ್ಕಪಕ್ಕ ಇಡಿ.

ಆರೋಗ್ಯವಾಗಿದ್ದರೆ ತಾಯಿಬೇರು ನೇರ ಇರುತ್ತದೆ, ಸುತ್ತಲೂ ಬೆಳ್ಳನೆಯ ತುದಿಯ ಸಣ್ಣ ಬೇರುಗಳಿರುತ್ತವೆ. ಬೇರು ಕಂದಾಗಿ, ಹಿಂಡಿದರೆ ಸಿಪ್ಪೆ ಕಳಚಿ, ಮಣ್ಣು ಹುಳಿ ವಾಸನೆ ಬಂದರೆ ನೀರು ಜಾಸ್ತಿ. ಬ್ಯಾಗಿನ ತೂತುಗಳು ಮುಚ್ಚಿವೆಯಾ ನೋಡಿ. ಬೇರಿನ ಮೇಲೆ ಹತ್ತಿಯಂಥ ಬಿಳಿ ಅಂಟಿದ್ದರೆ ಬೇರಿನ ಬಿಳಿ ತಿಗಣೆ. ಸಣ್ಣ ಬೇರುಗಳೇ ಇಲ್ಲದೆ ಬೋಳಾಗಿದ್ದರೆ ಬೇರು ತಿನ್ನುವ ಜಂತುಹುಳು (ನೆಮಟೋಡ್) ಇರಬಹುದು. ಅರೇಬಿಕಾಕ್ಕೆ ಕಾಟ ಕೊಡುವ ಜಂತುಹುಳು ನಮ್ಮ ಮಣ್ಣಿನಲ್ಲಿದೆ. ಕಾಂಡ ಮಣ್ಣಿಗೆ ಸೇರುವ ಕಡೆ ಕಪ್ಪಾಗಿ ಕುಗ್ಗಿದ್ದರೆ ಅದು ಕೊಳೆ ರೋಗ.

ತಾಯಿಬೇರು ಕೊಕ್ಕೆಯಂತೆ ಬಾಗಿರುವುದೂ ಸಿಗುತ್ತದೆ. ಮಡಿಯಿಂದ ಕಿತ್ತು ಬ್ಯಾಗಿಗೆ ಇಡುವಾಗ ಅವಸರದಲ್ಲಿ ಒತ್ತಿದ್ದರಿಂದ ಆದದ್ದು. ಇಂಥ ಯಾವ ಸಸಿಗೂ ಗೊಬ್ಬರ ಪರಿಹಾರವಲ್ಲ. ಎಳೆದುಕೊಳ್ಳುವ ಬೇರೇ ಇಲ್ಲದಿದ್ದಾಗ ಹಾಕಿದ ಗೊಬ್ಬರದ ಉಪ್ಪೆಲ್ಲ ಮಣ್ಣಿನಲ್ಲೇ ಉಳಿದು ಇನ್ನಷ್ಟು ಸುಡುತ್ತದೆ.

ಸಾರಜನಕವೇ ಕಡಿಮೆ ಅಂತ ಖಾತ್ರಿಯಾಯಿತು. ಯೂರಿಯಾ ಎಷ್ಟು ಕೊಡಬೇಕು?

ಕಾಫಿ ನರ್ಸರಿಗೆ ಹೇಳುವ ಪ್ರಮಾಣ ಒಂದು ಚದರ ಮೀಟರ್ ಜಾಗಕ್ಕೆ 20 ಗ್ರಾಂ ಯೂರಿಯಾ, 4.5 ಲೀಟರ್ ನೀರಿನಲ್ಲಿ ಕರಗಿಸಿ. ರೋಸ್ ಕ್ಯಾನಿನಲ್ಲಿ ಸಮನಾಗಿ ಹೊಯ್ಯಬೇಕು.

ಈ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡೋಣ. 6 ಇಂಚು ಅಗಲ, 9 ಇಂಚು ಉದ್ದದ ಬ್ಯಾಗು ತುಂಬಿಸಿ ನಿಲ್ಲಿಸಿದರೆ ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ ನೂರು ಕೂರುತ್ತವೆ. ಅಂದರೆ ಒಂದು ಸಸಿಗೆ ಬೀಳುವುದು 0.2 ಗ್ರಾಂ ಯೂರಿಯಾ, 45 ಮಿಲಿ ನೀರು. ಯೂರಿಯಾದಲ್ಲಿ ಸಾರಜನಕ 46 ಪರ್ಸೆಂಟ್, ಹಾಗಾಗಿ ಸಾರಜನಕದ ಲೆಕ್ಕದಲ್ಲಿ 0.1 ಗ್ರಾಂ ಕೂಡ ಇಲ್ಲ. ಎಳೆ ಸಸಿಗೆ ಬೇಕಾಗಿರುವುದು ಅಷ್ಟು ಕಡಿಮೆ!

ಎರಡು ಜೋಡಿ ಎಲೆಯೂ ಬಾರದ ಸಸಿಗೆ ಇದನ್ನೂ ಕೊಡಬೇಡಿ. ಬೇಗ ಬೆಳೆಯುತ್ತಿರುವ ಪಾತಿಗೆ ಇದೇ ಪ್ರಮಾಣವನ್ನು ಎರಡಾಗಿ ಮಾಡಿ, ಅಂದರೆ 10 ಗ್ರಾಮನ್ನು ಅಷ್ಟೇ ನೀರಿನಲ್ಲಿ ಕರಗಿಸಿ ಹದಿನೈದು ದಿನದ ಅಂತರದಲ್ಲಿ ಎರಡು ಸಲ ಕೊಡುವುದು ನನಗೆ ಇಷ್ಟ. ತೊಳೆದುಹೋಗುವುದು ಕಡಿಮೆ, ಸುಡುವ ಭಯವೂ ಕಡಿಮೆ. ಹಿಂದಿನ ದಿನ ಬರೀ ನೀರು ಹಾಕಿ ಮಣ್ಣು ಹದವಾಗಿರಬೇಕು. ಗೊಬ್ಬರದ ನೀರು ಹೊಯ್ದ ಕೂಡಲೇ ಎಲೆ ಮೇಲೆ ಸ್ವಲ್ಪ ಬರೀ ನೀರು ಚಿಮುಕಿಸಿದರೆ ಎಲೆ ಸುಡುವುದಿಲ್ಲ.

ನೀರಿನಲ್ಲಿ ಕರಗಿಸುವುದು ತಾಪತ್ರಯ. ಬ್ಯಾಗಿಗೆ ಒಂದು ಚಿಟಿಕೆ ಒಣ ಯೂರಿಯಾ ಅಥವಾ ಡಿಎಪಿ ಹಾಕಬಹುದಾ?

ದಯವಿಟ್ಟು ಬೇಡ. ಮೇಲಿನ ಲೆಕ್ಕದ 0.2 ಗ್ರಾಮಿಗೆ ಹೋಲಿಸಿದರೆ ಒಂದು ಚಿಟಿಕೆ ಎಷ್ಟೋ ಪಟ್ಟು ಜಾಸ್ತಿ. ಒಬ್ಬರ ಚಿಟಿಕೆಯಂತೆ ಇನ್ನೊಬ್ಬರದ್ದು ಇರುವುದೂ ಇಲ್ಲ. ಹರಳು ಕಾಂಡಕ್ಕೆ ತಾಗಿ ಕೂತರೆ ಅಲ್ಲೇ ಸುಡುತ್ತದೆ. ಕೆಲಸದವರು ಬೇಗ ಮುಗಿಸಲು ಹೀಗೆ ಮಾಡುವುದುಂಟು. ಹಾಗಾಗಿ ಮೇಸ್ತ್ರಿಗೆ ಮೊದಲೇ ಬಿಡಿಸಿ ಹೇಳಿ, ತೂಕಕ್ಕೆ ಚಿಕ್ಕ ಡಿಜಿಟಲ್ ತಕ್ಕಡಿ ಕೊಡಿ.

ಆಗಲೇ ಹಾಕಿಬಿಟ್ಟು ಅಂಚು ಸುಡಲು ಶುರುವಾಗಿದ್ದರೆ, ಮೇಲೆ ಕಾಣುವ ಹರಳನ್ನು ಮಣ್ಣಿನ ಸಮೇತ ಕೆರೆದು ತೆಗೆಯಿರಿ. ಆಮೇಲೆ ತೂತಿನಿಂದ ನೀರು ಹರಿಯುವಷ್ಟು ಎರಡು ಮೂರು ಸಲ ಬರೀ ನೀರು ಬಿಡಿ, ನೀರು ಬಸಿಯಲು ಬಿಡಿ. ಹೊಸ ಎಲೆ ಚೆನ್ನಾಗಿ ಬರುವ ತನಕ ಯಾವ ಗೊಬ್ಬರವೂ ಬೇಡ.

19:19:19 ಸಿಂಪಡಿಸಬಹುದಾ? ಪ್ರಮಾಣ ಎಷ್ಟು?

ಸಿಂಪಡಿಸಬಹುದು. ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮವಾಗಿರುವ, ಪೂರ್ತಿ ಕರಗುವ ಗೊಬ್ಬರ ಅದು. ಎಳೆ ಸಸಿಗೆ ಲೀಟರಿಗೆ 2ರಿಂದ 3 ಗ್ರಾಂ ಸಾಕು, ಹದಿನೈದು ದಿನಕ್ಕೊಮ್ಮೆ. 16 ಲೀಟರಿನ ಸ್ಪ್ರೇಯರ್ ಇದ್ದರೆ ಒಂದು ಟ್ಯಾಂಕಿಗೆ 32ರಿಂದ 48 ಗ್ರಾಂ. ಬೆಳಗ್ಗೆ ಬೇಗ ಅಥವಾ ಸಂಜೆ ಹೊಡೆಯಿರಿ, ಎಲೆಯ ಅಡಿಭಾಗಕ್ಕೂ ತಾಗಲಿ.

ಆದರೆ ಇದರಲ್ಲಿ ಮೆಗ್ನೀಷಿಯಂ ಇಲ್ಲ. ಪ್ಯಾಕೆಟ್ ಮೇಲೆ ಬೇರೆ ಬರೆದಿರದಿದ್ದರೆ ಸತು, ಬೋರಾನ್ ಕೂಡ ಇಲ್ಲ. ಎಲ್ಲ ಹಳದಿಗೂ ಇದೇ ಮದ್ದು ಅಂದುಕೊಳ್ಳಬಾರದು.

ಮೆಗ್ನೀಷಿಯಂ, ಸತು ಕೊರತೆಗೆ ಏನು ಮಾಡಬೇಕು? ಎಲ್ಲ ಒಂದೇ ಟ್ಯಾಂಕಿಗೆ ಹಾಕಬಹುದಾ?

ಮೆಗ್ನೀಷಿಯಂಗೆ ಮೆಗ್ನೀಷಿಯಂ ಸಲ್ಫೇಟ್, ಲೀಟರಿಗೆ 5 ಗ್ರಾಂ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ. ಗಂಧಕದ ಕೊರತೆಗೂ ಇದರಿಂದಲೇ ಸ್ವಲ್ಪ ಅನುಕೂಲ.

ಸತುವಿಗೆ ಜಿಂಕ್ ಸಲ್ಫೇಟ್. ತೋಟದ ದೊಡ್ಡ ಗಿಡಕ್ಕೆ ಲೀಟರಿಗೆ 5 ಗ್ರಾಂ ಹೊಡೆಯುತ್ತೇವೆ. ಸಸಿಗೆ ಅದರ ಅರ್ಧ, 2.5 ಗ್ರಾಂ. ಜೊತೆಗೆ ಅಷ್ಟೇ ಯೂರಿಯಾ ಸೇರಿಸಿದರೆ ಎಲೆ ಚೆನ್ನಾಗಿ ಹೀರಿಕೊಳ್ಳುತ್ತದೆ. 16 ಲೀಟರಿನ ಟ್ಯಾಂಕಿಗೆ ಎರಡೂ 40 ಗ್ರಾಂ. ಅಂಗಡಿಯಲ್ಲಿ ಎರಡು ತರಹದ ಜಿಂಕ್ ಸಲ್ಫೇಟ್ ಸಿಗುತ್ತದೆ. ಒಂದರಲ್ಲಿ ಸತು 21 ಪರ್ಸೆಂಟ್, ಇನ್ನೊಂದರಲ್ಲಿ 33. ನಾನು ಹೇಳಿದ ತೂಕ 21ರದ್ದಕ್ಕೆ. 33 ಇದ್ದರೆ ಟ್ಯಾಂಕಿಗೆ 25 ಗ್ರಾಂ ಸಾಕು.

ಬೋರಾನ್ ಬಗ್ಗೆ ಜಾಸ್ತಿ ಹುಷಾರು. ಬೇಕಾದದ್ದಕ್ಕೂ ವಿಷವಾಗುವುದಕ್ಕೂ ನಡುವೆ ಅಂತರ ತುಂಬ ಕಡಿಮೆ. ಲಕ್ಷಣ ಸ್ಪಷ್ಟವಾಗಿದ್ದರೆ ಮಾತ್ರ ಲೀಟರಿಗೆ 1 ಗ್ರಾಂ ಬೋರಾಕ್ಸ್, ಒಂದೇ ಸಲ.

ಬೆರೆಸುವ ವಿಷಯದಲ್ಲಿ ಇಷ್ಟು ನೆನಪಿರಲಿ. ರಂಜಕ ಇರುವ ಗೊಬ್ಬರದ ಜೊತೆ ಜಿಂಕ್ ಸಲ್ಫೇಟ್ ಬೆರೆಸಿದರೆ ಎರಡೂ ಸೇರಿ ಗಸಿ ಕಟ್ಟುತ್ತದೆ. ಹಾಗಾಗಿ 19:19:19 ಒಂದು ವಾರ, ಸತು ಇನ್ನೊಂದು ವಾರ. ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣದ ಜೊತೆ ಇವ್ಯಾವುದನ್ನೂ ಬೆರೆಸಬೇಡಿ.

ಯಾವುದೇ ಹೊಸ ಸಿಂಪಡಣೆಯನ್ನು ಇಡೀ ನರ್ಸರಿಗೆ ಹೊಡೆಯುವ ಮೊದಲು ಹತ್ತು ಸಸಿಗೆ ಹೊಡೆದು ಮೂರು ದಿನ ನೋಡಿ. ಕೊರತೆ ಯಾವುದು ಅಂತ ಅನುಮಾನ ಇದ್ದಾಗಲೂ ಇದೇ ಉಪಾಯ. ಒಂದು ಸಾಲಿಗೆ ಮೆಗ್ನೀಷಿಯಂ, ಒಂದು ಸಾಲಿಗೆ ಸತು, ಒಂದು ಸಾಲಿಗೆ ಬರೀ ನೀರು. ಯಾವ ಸಾಲು ಚೇತರಿಸಿಕೊಂಡಿತು ಅನ್ನುವುದು ಯಾವ ಪುಸ್ತಕಕ್ಕಿಂತಲೂ ಚೆನ್ನಾಗಿ ಉತ್ತರ ಹೇಳುತ್ತದೆ.

ನಮ್ಮದು ಹುಳಿಮಣ್ಣು. ಬ್ಯಾಗಿಗೂ ಸುಣ್ಣ ಹಾಕಿದರೆ ಒಳ್ಳೆಯದಲ್ವಾ?

ಕಾಫಿಗೆ ಹಿಡಿಸುವ ರಸಸಾರ (ಪಿಎಚ್) 6ರಿಂದ 6.5. ಇದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಮಳೆ ಹೆಚ್ಚಿರುವ ಮಡಿಕೇರಿ, ಭಾಗಮಂಡಲ ಕಡೆಯ ಮಣ್ಣು ಇದಕ್ಕಿಂತ ಹುಳಿ ಇರುವುದು ಸಾಮಾನ್ಯ, ನಿಜ. ಆದರೆ ಕಾಡುಮಣ್ಣು ಮತ್ತು ಕಳಿತ ಗೊಬ್ಬರ ಸೇರಿದ ಮಿಶ್ರಣದ ಹುಳಿ ಎಷ್ಟು ಅಂತ ನೋಡದೆ ಸುಣ್ಣ ಹಾಕಿದರೆ ಆಗ ಹೇಳಿದ ಕಬ್ಬಿಣ-ಸತುವಿನ ತೊಂದರೆ ಶುರುವಾಗುತ್ತದೆ. ಬ್ಯಾಗು ತುಂಬಿಸುವ ಮೊದಲೇ ಮಣ್ಣು ಪರೀಕ್ಷೆ ಮಾಡಿಸಿ. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ ಅಥವಾ ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಹುಳಿ ಜಾಸ್ತಿ ಅಂತ ಬಂದರೆ ಸುಣ್ಣದಂಥ ಕಲ್ಲಿನ ಪುಡಿ ಡಾಲಮೈಟ್ ಒಳ್ಳೆಯದು, ಅದರಲ್ಲಿ ಮೆಗ್ನೀಷಿಯಂ ಕೂಡ ಇದೆ.

ಮಳೆಗಾಲದಲ್ಲಿ ಗೊಬ್ಬರ ಕೊಡುವುದು ಹೇಗೆ?

ಜೂನಿನಲ್ಲಿ ನೆಡದೆ ಉಳಿಸಿಕೊಂಡ ಸಸಿಗಳ ಕಷ್ಟ ಇದು. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಬ್ಯಾಗಿಗೆ ಏನು ಹೊಯ್ದರೂ ಅದು ಚರಂಡಿಗೇ. ಬೇರೂ ಆಗ ಮಂಕು. ಮೊದಲು ನೀರು ನಿಲ್ಲದಂತೆ ನೋಡಿಕೊಳ್ಳಿ. ಪಾತಿ ಎತ್ತರದಲ್ಲಿರಲಿ, ಚಪ್ಪರದ ಸೊಪ್ಪು ತೆಳುವಾಗಿ ಬೆಳಕು ಬೀಳಲಿ, ಆದರೆ ಮರದ ಹನಿ ನೇರ ಸಸಿ ಮೇಲೆ ಬೀಳದಿರಲಿ. ಮಳೆ ಬಿಡುವು ಕೊಟ್ಟ ದಿನ ನೋಡಿಕೊಂಡು ಎಲೆಗೆ ತೆಳುವಾಗಿ ಸಿಂಪಡಿಸಿ. ಎಲೆ ಮೇಲೆ ಕೆಲವು ಗಂಟೆ ಒಣಗಲು ಸಮಯ ಸಿಗಬೇಕು. ಮಣ್ಣಿಗೆ ಕೊಡುವುದನ್ನು ಸೆಪ್ಟೆಂಬರ್ ಮೊದಲ ವಾರದ ನಮ್ಮ ಹಬ್ಬ ಕೈಲ್‌ಪೊಳ್ದ್ ಕಳೆದು ಮಳೆ ಇಳಿದ ಮೇಲೆ ಇಟ್ಟುಕೊಳ್ಳಿ.

ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿ ಇಷ್ಟು ಕಟ್ಟುನಿಟ್ಟು ಬೇಕಿಲ್ಲ.

ರಾಸಾಯನಿಕ ಬೇಡ. ಜೀವಾಮೃತ, ಹಿಂಡಿ ನೀರು ಸಾಕಾಗುತ್ತದಾ?

ಮಿಶ್ರಣ ಚೆನ್ನಾಗಿದ್ದರೆ ಬಹಳ ಮಟ್ಟಿಗೆ ಸಾಕು. ಸಗಣಿ, ಗಂಜಲ, ಬೆಲ್ಲ ಕೊಳೆಸಿ ಮಾಡುವ ಜೀವಾಮೃತವನ್ನು ಒಂದಕ್ಕೆ ಹತ್ತು ಪಾಲು ನೀರು ಬೆರೆಸಿ, ಸೋಸಿ ಹೊಯ್ಯಿರಿ. ಕಡಲೆಕಾಯಿ ಹಿಂಡಿಯನ್ನು ಒಂದು ವಾರ ನೀರಿನಲ್ಲಿ ಕೊಳೆಸಿ, ತಿಳಿ ಮಾತ್ರ ತೆಗೆದು ಇನ್ನಷ್ಟು ನೀರು ಬೆರೆಸಿ ಕೊಟ್ಟರೆ ಸಾರಜನಕ ನಿಧಾನವಾಗಿ ಸಿಗುತ್ತದೆ. ಗಸಿ ಹಾಕಬೇಡಿ, ಮಣ್ಣಿನ ಮೇಲೆ ಪದರ ಕಟ್ಟಿ ಬೂಷ್ಟು ಬರುತ್ತದೆ. ಹಸಿ ಸಗಣಿ, ನೀರು ಬೆರೆಸದ ಗಂಜಲ, ಕಳಿಯದ ಕಾಫಿ ಸಿಪ್ಪೆ ಮೂರೂ ಎಳೆ ಬೇರಿಗೆ ಅಪಾಯ. ಹಸಿ ಸಗಣಿಯ ಜೊತೆ ಗೊಬ್ಬರದ ಹುಳವೂ ಬರುತ್ತದೆ. ಸತುವಿನಂಥ ಕೊರತೆ ಆಗಲೇ ಎದ್ದು ಕಾಣುತ್ತಿದ್ದರೆ ಇವು ಬೇಗ ಕೆಲಸ ಮಾಡುವುದಿಲ್ಲ, ಒಮ್ಮೆ ಸಿಂಪಡಿಸಿಯೇ ಸರಿಮಾಡಬೇಕು.

ಹಳದಿಯ ಜೊತೆ ಕಂದು ಚುಕ್ಕೆಯೂ ಇದೆ, ನಡುವೆ ಬೂದು ಬಣ್ಣ. ಇದಕ್ಕೂ ಗೊಬ್ಬರವಾ?

ಅದು ಕಂದು ಕಣ್ಣು ಚುಕ್ಕೆ, ಶಿಲೀಂಧ್ರದ ರೋಗ. ನೆರಳು ಕಡಿಮೆಯಾಗಿ ಬಿಸಿಲು ನೇರ ಬೀಳುವ, ಸಾರಜನಕ ಸಾಲದ ಸಸಿಗಳಿಗೆ ಇದು ಬೇಗ ಹತ್ತುತ್ತದೆ. ಆದ್ದರಿಂದ ಔಷಧಿ ಮಾತ್ರ ಹೊಡೆದರೆ ಮತ್ತೆ ಬರುತ್ತದೆ. ಚಪ್ಪರ ಸರಿಮಾಡಿ, ಸಾರಜನಕ ಕೊಡಿ, ಚುಕ್ಕೆ ಜಾಸ್ತಿ ಇರುವ ಎಲೆ ತೆಗೆದು ಸುಡಿ. ಹರಡುತ್ತಿದ್ದರೆ ಶಿಲೀಂಧ್ರನಾಶಕ.

ಕರಿಮೆಣಸಿನ ಬ್ಯಾಗಿಗೂ ಇದೇ ಲೆಕ್ಕ ನಡೆಯುತ್ತದಾ?

ಎಲೆ ಓದುವ ಕ್ರಮ ಅದೇ. ಆದರೆ ಮೆಣಸಿನ ಬಳ್ಳಿಯ ಬೇರು ಇನ್ನೂ ಸೂಕ್ಷ್ಮ. ತಿಳಿಹಳದಿ ಕಂಡ ಕೂಡಲೇ ಅಲ್ಲಿ ಬೇರು ಕೊಳೆಯ ಅನುಮಾನವೇ ಮೊದಲು ಬರಬೇಕು. ಮೆಣಸಿನ ಮಿಶ್ರಣಕ್ಕೆ ಕೊಳೆ ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮ ಬೆರೆಸಿದ ಕಳಿತ ಗೊಬ್ಬರ ಹಾಕುವುದು ಒಳ್ಳೆಯ ಅಭ್ಯಾಸ. 19:19:19 ಲೀಟರಿಗೆ 2 ಗ್ರಾಂ ಮೀರಬೇಡಿ. ಮೆಣಸಿನ ಬಗ್ಗೆ ಹೆಚ್ಚಿನ ಸಲಹೆಗೆ ಅಪ್ಪಂಗಳದ ಸಂಬಾರ ಬೆಳೆ ಸಂಶೋಧನಾ ಕೇಂದ್ರ ಹತ್ತಿರವೇ ಇದೆ.

ಗೊಬ್ಬರ ಕೊಟ್ಟು ಒಂದು ವಾರವಾಯಿತು. ಹಳದಿ ಎಲೆ ಹಾಗೇ ಇದೆ. ಇನ್ನೊಮ್ಮೆ ಕೊಡಲಾ?

ತಡೆಯಿರಿ. ಪೂರ್ತಿ ಹಳದಿಯಾದ ಹಳೆ ಎಲೆ ಮತ್ತೆ ಹಸಿರಾಗುವುದು ಅಪರೂಪ, ಸುಟ್ಟ ಅಂಚಂತೂ ಹಾಗೇ ಉಳಿಯುತ್ತದೆ. ನೋಡಬೇಕಾದದ್ದು ಮುಂದಿನ ಜೋಡಿ ಎಲೆಯನ್ನು. ಅದು ಹಿಂದಿನದ್ದಕ್ಕಿಂತ ದೊಡ್ಡದಾಗಿ, ಹಸಿರಾಗಿ ಬಂದರೆ ನಿಮ್ಮ ಅಂದಾಜು ಸರಿಯಿದೆ. ಸಾರಜನಕಕ್ಕೆ ಹತ್ತು ದಿನದಲ್ಲಿ ಬಣ್ಣ ಬದಲಾಗುವುದು ಕಾಣುತ್ತದೆ. ಸತುವಿಗೆ ಹೊಸ ಜೋಡಿ ಬಿಚ್ಚುವವರೆಗೂ ಕಾಯಬೇಕು.

ನೆಡುವ ಮೊದಲು ಗೊಬ್ಬರ ಯಾವಾಗ ನಿಲ್ಲಿಸಬೇಕು? ಹಳದಿಯಾಗಿಯೇ ಉಳಿದವನ್ನು ಏನು ಮಾಡುವುದು?

ನೆಡುವುದಕ್ಕೆ ಮೂರು ನಾಲ್ಕು ವಾರ ಇರುವಾಗ ಸಾರಜನಕ ನಿಲ್ಲಿಸಿ. ಹಾಗೆಯೇ ಚಪ್ಪರವನ್ನು ಸ್ವಲ್ಪ ಸ್ವಲ್ಪವೇ ತೆಗೆಯುತ್ತಾ ಬನ್ನಿ. ಯೂರಿಯಾದಿಂದ ಮೆತ್ತಗೆ ಬೆಳೆದ ಸಸಿ ತೋಟದ ಗಾಳಿ-ಬಿಸಿಲಿಗೆ ತಡೆಯುವುದಿಲ್ಲ.

ಎರಡು ಮೂರು ಸಲ ಕೊಟ್ಟರೂ ಚೇತರಿಸಿಕೊಳ್ಳದವನ್ನು ತೋಟಕ್ಕೆ ಒಯ್ಯಬೇಡಿ. "ನೆಟ್ಟ ಮೇಲೆ ಸರಿಹೋಗುತ್ತದೆ" ಅಂತ ನೆಟ್ಟರೆ ಎರಡು ಮಳೆಗಾಲ ಕಳೆದು ಅದೇ ಗುಂಡಿಗೆ ಮತ್ತೆ ಸಸಿ ಹಾಕುವ ಕೆಲಸ ಬರುತ್ತದೆ, ಕೂಲಿ ದುಪ್ಪಟ್ಟು. ಅಂಥವುಗಳಲ್ಲಿ ನಾಲ್ಕೈದರ ಬೇರು ತೊಳೆದು ನೋಡಿ. ಬೇರು ಬಾಗಿದ್ದರೆ ಸಸಿ ಬಿಸಾಡಿ, ಮಣ್ಣನ್ನು ಬೇರೆ ಕಡೆ ಬಳಸಬಹುದು. ತಿಗಣೆ, ಜಂತುಹುಳು ಅಥವಾ ಕೊಳೆ ಕಂಡರೆ ಸಸಿಯನ್ನು ಸುಡಿ. ಆ ಮಣ್ಣನ್ನು ಮುಂದಿನ ವರ್ಷದ ಬ್ಯಾಗಿಗೆ ಸೇರಿಸಬೇಡಿ, ನರ್ಸರಿಯ ಹತ್ತಿರವೂ ರಾಶಿ ಹಾಕಬೇಡಿ.